ಗಡಿಗೆಪ್ಪನ ಮೂರನೇ ಕಾರ್ಡು

ಮಾನ್ವಿಯ ಗಡಿಗೆಪ್ಪ ಅರ್ಧ ಆಯುಷ್ಯ ಅಕ್ಕಿ ಲಾರಿ ಓಡಿಸಿದವನು. ಸೋಲಾಪುರದ ಹಾದಿಯಲ್ಲಿ ಲಾರಿ ಮಗುಚಿ ಎಡಗಾಲು ಹೋಯಿತು. ರೈಸ್ ಮಿಲ್ಲಿನ ಸಾಹುಕಾರರು ಅವನನ್ನು ಗೇಟಿನ ತೂಕದ ಕಾಟಾದಲ್ಲಿ ಕೂರಿಸಿದರು. ದಿನವಿಡೀ ಬೇರೆಯವರ ಲಾರಿಗಳನ್ನು ನೋಡುವುದೇ ಕೆಲಸವಾಯಿತು. ಮನೆಗೆ ಬಂದರೆ ಮಾತಿಲ್ಲ.

ಕಾಟಾದ ಕಂಪ್ಯೂಟರ್ ಕೆಟ್ಟಾಗ ಅದನ್ನು ರಾಯಚೂರಿಗೆ, ಕಂಪ್ಯೂಟರ್ ಮಾರಿ ರಿಪೇರಿಯನ್ನೂ ಮಾಡುವ ಮುಕರ್ರಂನ ಅಂಗಡಿಗೆ ಒಯ್ದ. ಅಲ್ಲಿ ಗಿರಾಕಿಯೊಬ್ಬ ಪರದೆಯ ಮುಂದೆ ಸ್ಟೇರಿಂಗ್ ಹಿಡಿದು ಲಾರಿ ಓಡಿಸುವ ಆಟ ಆಡುತ್ತಿದ್ದ. ಮುಕರ್ರಂ ಗಡಿಗೆಪ್ಪನನ್ನೂ ಕೂರಿಸಿದ. ಎಡಗಾಲಲ್ಲಿ ಕ್ಲಚ್ ಒತ್ತಬೇಕಿಲ್ಲ; ಗೇರು ಕೈಯಲ್ಲಿ, ಬ್ರೇಕಿಗೆ ಬಲಗಾಲೇ ಸಾಕು. ಅವನ ಕಣ್ಣು ತುಂಬಿ ಬಂತು.

ಹಳೆಯ ಕಂಪ್ಯೂಟರೊಂದನ್ನು ಕೊಂಡ. ಅದರಲ್ಲಿ ತಿರುವು ಬಂದಾಗಲೆಲ್ಲ ರಸ್ತೆ ನಿಂತು ನಿಂತು ಓಡುತ್ತಿತ್ತು. ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಮೇಲೆ ಸರಾಗವಾಯಿತು. ಎರಡನೆಯ ಕಾರ್ಡಿನಲ್ಲಿ ಹಿಂದಿನ ಗಾಡಿಗಳು ಕನ್ನಡಿಯೊಳಗೆ ಸ್ಪಷ್ಟವಾಗಿ ಕಂಡವು. ಆಮೇಲೆ ಅಂಗಡಿಯಲ್ಲಿ ಹೊಸ ಕಾರ್ಡೊಂದನ್ನು ನೋಡಿದ. ಅದರಲ್ಲಿ ಲಾರಿಯ ಮುಂದಿನ ಗಾಜಿನ ಮೇಲೆ ಮಳೆಹನಿ ಜಾರುತ್ತಿತ್ತು, ತೊಯ್ದ ರಸ್ತೆ ದೀಪಕ್ಕೆ ಹೊಳೆಯುತ್ತಿತ್ತು.

“ನಿಮ್ದು ಇನ್ನೂ ಚಲೋ ಅದ ಗಡಿಗೆಪ್ಪಣ್ಣ,” ಎಂದ ಮುಕರ್ರಂ. “ಸುಮ್ನ ಯಾಕ ರೊಕ್ಕ ಹಾಕ್ತೀರಿ?”

“ನಿನ್ನಿ ತನಕ ನನಗೂ ಚಲೋನ ಕಾಣ್ತಿತ್ತು. ಈ ಮಳಿ ನೋಡಿದ ಮ್ಯಾಲೆ ಅದು ಬರೇ ಚಿತ್ರ ಅನಿಸಾಕತ್ತೈತಿ.”

ಕಾರ್ಡು ಮನೆಗೆ ಬಂದಾಗ ಹೆಂಡತಿ ಬಸವಂತಮ್ಮ ಸಿಡಿದಳು. “ಈ ರೊಕ್ಕದಾಗ ಒಂದು ಎಮ್ಮಿ ಬರ್ತಿತ್ತಲ್ರೀ! ಇಷ್ಟು ವರ್ಷ ಲಾರಿ ಹೊಡದ್ರಿ, ಸಾಕಾಗಲಿಲ್ಲೇನು? ನನ್ನ ಒಮ್ಮಿಯಾದ್ರೂ ಕರ್ಕೊಂಡು ಹೋದ್ರೇನು?”

“ಸಾಹುಕಾರ್ರು ಬಿಡ್ತಿದ್ದಿಲ್ಲ,” ಎಂದ ಗಡಿಗೆಪ್ಪ. ಅದು ಅರ್ಧ ಮಾತ್ರ ನಿಜವೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಒಳಗೆ ಹೋದಳು.

ಭಾನುವಾರ ಮಧ್ಯಾಹ್ನ ಅವನೇ ಪಕ್ಕಕ್ಕೆ ಸ್ಟೂಲ್ ಎಳೆದು ಕರೆದ. ಅವಳು ಒಲ್ಲದ ಮನಸ್ಸಿನಿಂದ ಬಂದು ಕೂತಳು. ಪರದೆಯಲ್ಲಿ ಮಳೆ ಸುರಿಯುತ್ತಿತ್ತು. ಘಾಟಿನ ತಿರುವಿನಲ್ಲಿ ಅವಳು ಸ್ಟೂಲಿನ ಅಂಚನ್ನು ಗಟ್ಟಿಯಾಗಿ ಹಿಡಿದಳು.

“ಹಗೂರಕ ಹೊಡೀರಿ!”

ಕಾಲು ಹೋದ ಮೇಲೆ ಗಡಿಗೆಪ್ಪ ಹಾಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲ. ಇಳಿಜಾರು ಮುಗಿದು ಬಯಲು ಬಂತು.

“ಇಲ್ಲೇ ನಿಲ್ಲಿಸ್ರಿ, ಚಾ ಕುಡಿಯೂಣು,” ಎಂದಳು.

ಅವನು ಲಾರಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಅವಳು ಚಹಾ ಮಾಡಲು ಎದ್ದಳು. ಅವನು ಎಂಜಿನ್ ಬಂದ್ ಮಾಡಿ ಕಾಯುತ್ತ ಕೂತ.