ಸರ್, ಎರಡು ಮಾತು ಹೇಳ್ರಿ

ನಮ್ಮ ಮನೆಯವರು ಕೊಪ್ಪಳದ ಒಂದು ಖಾಸಗಿ ಹೈಸ್ಕೂಲಿನ ಹೆಡ್‌ಮಾಸ್ತರು. ಶಿಕ್ಷಕರ ತರಗತಿಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು, ಪಾಠ ಹೇಗೆ ನಡೆಯಿತೆಂದು ಆಡಳಿತ ಮಂಡಳಿಗೆ ಬರೆದುಕೊಡುವುದು ಅವರ ಕೆಲಸಗಳಲ್ಲಿ ಒಂದು. ಅವರು ಬರೆಯುತ್ತಿದ್ದುದು ಎಲ್ಲರಿಗೂ ಒಂದೇ: ‘ಪಾಠ ಚೆನ್ನಾಗಿತ್ತು. ಧ್ವನಿ ಇನ್ನೂ ಸ್ವಲ್ಪ ಏರಬೇಕು.’ ಮೈದಾನದಲ್ಲಿ ಕೂಗಿದರೆ ಬಸ್ ಸ್ಟ್ಯಾಂಡಿಗೆ ಕೇಳಿಸುವ ಪಿ.ಟಿ. ಮಾಸ್ತರರಿಗೂ ಅದನ್ನೇ ಬರೆದಿದ್ದರು.

ಕಳೆದ ವರ್ಷ ಯಾವುದೋ ತರಬೇತಿಗೆ ಹೋದವರು ಫೋನಿನಲ್ಲಿ ಒಂದು ಎಐ ಆ್ಯಪ್ ಹಾಕಿಸಿಕೊಂಡು ಬಂದರು. ತರಗತಿಯ ಮೇಜಿನ ಮೇಲೆ ಫೋನ್ ಇಟ್ಟರೆ ಸಾಕು. ಅದು ಪಾಠವನ್ನೆಲ್ಲ ಕೇಳಿಸಿಕೊಂಡು, ಶಿಕ್ಷಕರು ಎಷ್ಟು ಮಾತಾಡಿದರು, ಮಕ್ಕಳಿಗೆ ಎಷ್ಟು ಅವಕಾಶ ಸಿಕ್ಕಿತು, ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾದರೋ ಇಲ್ಲವೋ ಎಂದು ಕನ್ನಡದಲ್ಲೇ ವರದಿ ಬರೆದುಕೊಡುತ್ತದೆ.

“ಇನ್ನ ನಾ ಬರೇ ಸುಮ್ಮನ ಕೂಡೋದು ನೋಡು,” ಎಂದರು.

“ಸುಮ್ಮನ ಕೂಡೋದು ನಿಮ್ಮಿಂದ ಆಗತದೇನ್ರಿ?” ಎಂದೆ. ಮದುವೆ ಮನೆಗಳಲ್ಲಿ ಅಡುಗೆಯವರಿಗೆ ಉಪ್ಪಿನ ಅಳತೆ ಹೇಳಿಕೊಡುವ ಮನುಷ್ಯ ಅವರು.

ಆಗ ಶಾಲೆಯಲ್ಲಿ ಒಬ್ಬ ಎಳೆಯ ವಿಜ್ಞಾನ ಟೀಚರ್ ಇದ್ದಳು. ಯಲಬುರ್ಗಾದಿಂದ ದಿನಾ ಮೊದಲ ಬಸ್ಸಿಗೆ ಬರುತ್ತಿದ್ದಳು. ಸೀರೆಯ ನೆರಿಗೆಗೆ ಪಿನ್ನು ಚುಚ್ಚಲೂ ಮನೆಯಲ್ಲಿ ಪುರುಸೊತ್ತು ಸಿಗದೆ, ಶಾಲೆಯ ಗೇಟಿನ ಹೊರಗೆ ನಿಂತು ಚುಚ್ಚಿಕೊಳ್ಳುವುದನ್ನು ನಾನೇ ಕಂಡಿದ್ದೆ. ಅವಳದು ತಾತ್ಕಾಲಿಕ ನೌಕರಿ. ಕಾಯಂ ಆದರೆ ಕೊಪ್ಪಳದಲ್ಲೇ ಕೋಣೆ ಹಿಡಿದು ತಾಯಿಯನ್ನು ಕರೆತರಬೇಕೆಂದಿದ್ದಳು. ಕಾಯಂ ಆಗುವುದು ಇವರ ವರದಿಯ ಮೇಲೆ ನಿಂತಿತ್ತು.

ಅವಳ ತರಗತಿಗೆ ಹೋಗಿ ಬಂದ ಸಂಜೆ ಇವರು ಮುಖ ಸಣ್ಣದು ಮಾಡಿಕೊಂಡು ಫೋನ್ ನೋಡುತ್ತಿದ್ದರು. “ಏನ್ ಹುಡುಗಿನೋ ಏನೋ! ಕೇಳ ಇಲ್ಲೆ. ‘ಬಹುಪಾಲು ಸಮಯ ಶಿಕ್ಷಕರೇ ಮಾತನಾಡಿದರು. ಪ್ರಶ್ನೆ ಕೇಳಿ, ಮಕ್ಕಳು ಬಾಯಿ ತೆರೆಯುವ ಮೊದಲೇ ತಾವೇ ಉತ್ತರಿಸಿದರು.’ ಇಂಥಾಕಿನ್ನ ಕಾಯಂ ಮಾಡಂದ್ರ ಹ್ಯಾಂಗ?” ಎಂದವರೇ ಮಂಡಳಿಯ ಅಧ್ಯಕ್ಷರಿಗೆ ಫೋನ್ ಹಚ್ಚಿ, ಈಕೆ ಬೇಡವೆಂದು ಹೇಳಿಯೂ ಬಿಟ್ಟರು. ಅಧ್ಯಕ್ಷರು ಗಂಗಾವತಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಸಾಹುಕಾರರು.

ಆಮೇಲೆ ಚಹಾ ಕುಡಿಯುತ್ತ, ಉಳಿದ ವರದಿ ಓದೆಂದು ಫೋನನ್ನು ನನ್ನ ಕೈಗೆ ಕೊಟ್ಟರು. ಪುಂಡಿಪಲ್ಲೆಯ ಸೊಪ್ಪು ಸೋಸುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಓದಿದೆ: “‘ದಹನಕ್ಕೆ ಗಾಳಿ ಬೇಕು ಎಂದು ವಿವರಿಸುವಾಗ, ಅಜ್ಜ ನೆಲದೊಳಗಿನ ಜೋಳದ ಹಗೇವಿಗೆ ಲಾಟೀನು ಇಳಿಬಿಟ್ಟ ಕಥೆ ವಿಪರೀತ ದೀರ್ಘವಾಯಿತು.’”

“ನೋಡ್ದಿ? ನನ್ನ ಕಥಿನೂ ಕದ್ದಾಳ!”

ಆ ಹಗೇವಿಗೆ ನಾನೂ ಮದುವೆಯಾದಾಗಿನಿಂದ ಇಳಿಯುತ್ತಿದ್ದೇನೆ. ಕಥೆಯಲ್ಲಿ ಅಜ್ಜ ಕೆಮ್ಮುವ ಜಾಗವೂ ನನಗೆ ಗೊತ್ತು.

“ಖರೇ ಹೇಳ್ರಿ. ಕ್ಲಾಸಿನ್ಯಾಗ ಆಕಿ ನಿಮಗ ಚಾಕ್‌ಪೀಸ್ ಕೊಟ್ಟಳೇನು?”

“ಕೊಟ್ಟಳು. ‘ಸರ್, ಎರಡು ಮಾತು ಹೇಳ್ರಿ’ ಅಂದ್ಲು. ಎರಡು ಮಾತು ಹೇಳ್ದೆ.”

“ಎರಡು ಮಾತು ಮುಗಿಯೋದ್ರಾಗ...”

“ಬೆಲ್ ಆತು,” ಎಂದರು. ಚಹಾದ ಬಸಿ ಬಾಯಿಯ ಹತ್ತಿರವೇ ಉಳಿಯಿತು.

ನಾನು ಓದಿದ ಕಾನ್ವೆಂಟಿನಲ್ಲಿ ಹೆಡ್‌ಮಿಸ್ಟ್ರೆಸ್ ಮದರ್ ಬಂದು ಹಿಂದೆ ಕೂತರೆ ಟೀಚರ್ ಅತ್ತ ನೋಡುತ್ತಲೇ ಇರಲಿಲ್ಲ. ಇಲ್ಲಿ ಹಾಗಲ್ಲ. ಹಿರಿಯರು ತರಗತಿಗೆ ಬಂದರೆ ಚಾಕ್ ಅವರ ಕೈಗಿಟ್ಟು ಎರಡು ಮಾತು ಹೇಳಿಸಬೇಕು. ಹೇಳಿಸದಿದ್ದರೆ ಸೊಕ್ಕು. ಹೇಳೆಂದಾಗ ಹಿರಿಯರು ಒಲ್ಲೆನೆಂದರೆ ಅದು ಅವರ ಸೊಕ್ಕು. ಈ ರೀತಿ ರಿವಾಜು ಪಾಪದ ಆ್ಯಪಿಗೆ ಯಾರು ಹೇಳಿಕೊಡಬೇಕು? ಯಾರು ಹೆಚ್ಚು ಮಾತಾಡಿದರೋ ಅವರೇ ಶಿಕ್ಷಕರೆಂದು ತಿಳಿದು ತನ್ನ ಕೆಲಸ ತಾನು ಮಾಡಿತ್ತು.

“ಅಂದ್ರ ಇದೆಲ್ಲ ನನ್ನ ಪಾಠದ...” ಎಂದು ವರದಿಯನ್ನು ಮತ್ತೊಮ್ಮೆ ಮೊದಲಿನಿಂದ ಓದಿದರು. ಈ ಸಲ ಜೋರಾಗಿ ಓದಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಅವಳ ತರಗತಿಗೆ ಹೋದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ನನಗೆ ಅವಳ ಫೋನ್. “ಅಕ್ಕಾರ, ಸರ್ ನನ್ನ ಮ್ಯಾಲೆ ಸಿಟ್ಟಾಗ್ಯಾರೇನ್ರಿ? ಚಾಕ್‌ಪೀಸ್ ಕೊಡಾಕ ಹೋದ್ರ ಕೈಯಾಗ ಹಿಡೀಲಿಲ್ರಿ. ಬರೇ ಗೋಣು ಅಳ್ಳಾಡಿಸಿದ್ರು. ಕಡೀತನಕ ಒಂದು ಮಾತಿಲ್ಲ. ನನ್ನ ನೌಕರಿ ಹೋದಂಗೇನ್ರಿ?”

“ಮಾತಿಲ್ಲಂದ್ರ ಛಲೋನ ಆತಂತ ತಿಳಕೋವಾ,” ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಬರುವುದಾದರೂ ಹೇಗೆ? ಇವರು ಬಾಯಿ ಮುಚ್ಚಿ ಕೂತದ್ದನ್ನು ಆ ಶಾಲೆಯಲ್ಲಿ ಯಾರೂ ಕಂಡವರಿಲ್ಲ.

ಇವರು ಊಟಕ್ಕೆ ಮನೆಗೆ ಬಂದಾಗ ತೋರಿಸಿದ ಹೊಸ ವರದಿ ಬೇರೆಯೇ ಇತ್ತು. ಟೀಚರ್ ಪ್ರಶ್ನೆ ಕೇಳಿ ಕಾಯುತ್ತಾಳೆ. ಮಕ್ಕಳು ತಿರುಗಿ ಪ್ರಶ್ನೆ ಕೇಳುತ್ತಾರೆ. ಕೆಲವೇ ಮಕ್ಕಳ ಹೆಸರು ಮತ್ತೆ ಮತ್ತೆ ಕೇಳಿಬಂತು, ಉಳಿದವರನ್ನೂ ಮಾತಾಡಿಸಬೇಕು. ಧ್ವನಿ ಏರಬೇಕೆಂದು ಮಾತ್ರ ಎಲ್ಲೂ ಇರಲಿಲ್ಲ.

ಇನ್ನು ಸಾಹುಕಾರರಿಗೆ ಹೇಳಬೇಕಿತ್ತು. ಊಟವಾದ ಮೇಲೆ ಎಂದರು. ಊಟವಾದ ಮೇಲೆ ಸಾಹುಕಾರರು ಮಲಗಿರುತ್ತಾರೆ ಎಂದರು. ಕಡೆಗೆ ಸಂಜೆ ನನ್ನ ಮುಂದೆಯೇ ಕೂತು, ಫೋನನ್ನು ಸ್ಪೀಕರಿಗೆ ಹಾಕಿದರು.

“ಸಾಹುಕಾರ್ರ, ಆ ವಿಜ್ಞಾನದ ಟೀಚರ್‌ನ ಕಾಯಂ ಮಾಡಬೇಕ್ರಿ.”

“ಏನ್ರೀ ಮಾಸ್ತರ, ಮೊನ್ನಿ ಬ್ಯಾಡ ಅಂದ್ರಿ, ಇವತ್ತ ಬೇಕಂತೀರಿ. ನಿಮ್ಮ ಮಷೀನ್ ಏನರ ಕೆಟ್ಟಿತ್ತೇನು?”

ಹೌದು ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಇವರು ನನ್ನನ್ನು ನೋಡಿದರು. ನಾನು ನನ್ನ ಬಳೆಯನ್ನು ನೋಡಿಕೊಂಡೆ.

“ಇಲ್ರಿ. ಮಷೀನ್ ಬರೋಬ್ಬರಿ ಐತಿ. ಆ ದಿನ ಪಾಠ ಮಾಡಿದಾಂವ ನಾನ್ರಿ.”

ಆ ಕಡೆ ಗಿರಣಿಯ ಸದ್ದಿನ ನಡುವೆ ಸಾಹುಕಾರರ ನಗು ಶುರುವಾಗಿ ಕೆಮ್ಮಿಗೆ ತಿರುಗಿತು.

“ಹಂಗಾದ್ರ ಆಕಿನ್ನ ಕಾಯಂ ಮಾಡೂಣು. ನಿಮ್ಮದೇನು ಮಾಡೂಣ್ರಿ ಮಾಸ್ತರ?”

“ನಂದು ಹ್ಯಾಂಗೂ ರಿಟೈರ್ಮೆಂಟಿಗೆ ಬಂದೈತ್ರಿ, ನಡೆಸಿಕೊಂಡು ಹೋಗ್ರಿ,” ಎಂದರು ಇವರು. ಕಿವಿಯ ತುದಿ ಕೆಂಪಾಗಿತ್ತು.

ಆದೇಶ ಬಂದ ಮರುವಾರ, ಟೀಚರ್ ಕೋಣೆ ನೋಡಲು ನನ್ನನ್ನೂ ಕರೆದುಕೊಂಡು ಹೋದಳು. ಮನೆಯ ಮಾಲಕಿ ಬಾಗಿಲಲ್ಲೇ ನಿಂತು, ಅವಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: “ನೌಕರಿ ಕಾಯಂ ಐತೇನವಾ?”

“ಹೂನ್ರಿ, ಕಾಯಂ!” ಎಂದಳು ಟೀಚರ್, ಧ್ವನಿ ಏರಿಸಿ.

ಎದುರು ಮನೆಯವರು ಕಿಟಕಿ ತೆಗೆದು ನೋಡಿದರು.