ಆಟ ಮುಗಿದರೆ ಹೊರಡಬೇಕು

ಚದುರಂಗ ಆಡಿಯೇ ಹೊಟ್ಟೆ ಹೊರೆಯುತ್ತಿದ್ದವನು ನಾನು. ಯುದ್ಧದ ಕಾಲದ ಇದ್ದಿಲು ಬಸ್ಸುಗಳಲ್ಲಿ ಕಾಯಿಗಳ ಚೀಲ ಹಿಡಿದು ಒಬ್ಬನೇ ತಿರುಗುತ್ತಿದ್ದೆ. ಕರೆಸಿದವರ ಮನೆಯಲ್ಲಿ ಆಟ ಮುಗಿಯುವ ತನಕ ಊಟ, ವಸತಿ. ಮುಗಿದ ಕೂಡಲೇ ಹೊರಡಬೇಕು. ಅದು ಪದ್ಧತಿ. ಎಷ್ಟೋ ವಾರ ನಾನು ಮನುಷ್ಯರೊಡನೆ ಆಡಿದ ಮಾತೆಂದರೆ ಎದುರಾಳಿಯ ರಾಜನಿಗೆ ಕೊಟ್ಟ 'ಷಾ' ಒಂದೇ.

ಆತಗೂರಿನ ಮುದಿ ಗೌಡರ ಜಗಲಿಯಲ್ಲಿ ಎರಡನೇ ದಿನವೇ ಗೆಲ್ಲಬಹುದಿತ್ತು. ಗೆಲ್ಲಲಿಲ್ಲ. ಆ ಮನೆಯಲ್ಲಿ 'ನಿದ್ದೆ ಬಂತಾ' ಅಂತ ಕೇಳುವವರಿದ್ದರು.

ಮೂರನೇ ದಿನ ಮಜ್ಜಿಗೆ ತಂದ ಸೊಸೆ ಮಣೆಯನ್ನೇ ನೋಡುತ್ತಾ ನಿಂತಳು.

"ಮಾವ, ಇವ್ರು ಆ ಕುದ್ರೆ ಇಲ್ಲಿ ಮಡುಗುದ್ರೆ ನೀವು ಸೋತೋಯ್ತೀರಲ್ಲ?"

ನಾನು ತಲೆ ತಗ್ಗಿಸಿದೆ.

"ಸುಮ್ಕಿರವ್ವ," ಗೌಡರು ಗದರಿದರು. "ನಂಗೆ ನೆನ್ನೇನೇ ಗೊತ್ತು. ಆಟ ಮುಗುದ್ರೆ ಇವ್ರು ಒಂಟೋಯ್ತಾರೆ."

ಇಷ್ಟು ಬಾಯಿಬಿಟ್ಟ ಮೇಲೆ ಗೆಲ್ಲದೆ ವಿಧಿಯಿರಲಿಲ್ಲ. ಕುದುರೆ ನಡೆಸಿ, ಕೈಮುಗಿದು ಹೊರಟೆ. ಕಾಯಿಗಳನ್ನು ಗೌಡರೇ ಚೀಲಕ್ಕೆ ತುಂಬಿ ಕಟ್ಟಿಕೊಟ್ಟರು.

ಮಳವಳ್ಳಿಯಲ್ಲಿ ಬಿಚ್ಚಿದರೆ ನನ್ನ ರಾಜನೇ ಇಲ್ಲ. ಮಾರನೆಯ ದಿನವೇ ಆತಗೂರಿಗೆ ಮರಳಿದೆ. ಅದನ್ನು ಹುಡುಕಿಕೊಡಲು ಗೌಡರಿಗೆ ಎಂಟು ದಿನ ಹಿಡಿಯಿತು.