ಐರಿಷ್ ಹುಡುಗಿಯ ಎಡ ಮೊಣಕಾಲು

ನಾನು ಗಲ್ಫಿನ ಮಿರ್ದಿಫ್‌ನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಕೂತು ಕೂತು ಸೊಂಟ ಹಿಡಿಸಿಕೊಂಡ ಆಫೀಸಿನವರು, ಕೈ ಮೇಲೆತ್ತಿ ಜಡೆ ಹಾಕಿಕೊಳ್ಳಲಾಗದ ನಡುವಯಸ್ಸಿನ ಹೆಂಗಸರು. ಹಾಗಾಗಿ ಒಂದು ಜೂನ್ ತಿಂಗಳ ಬೆಳಿಗ್ಗೆ ಉದ್ದ ಕಾಲಿನ, ಕೆಂಚು ಕೂದಲಿನ ಹುಡುಗಿಯೊಬ್ಬಳು ಕುಂಟುತ್ತ ಒಳಗೆ ಬಂದಾಗ ವಿಳಾಸ ತಪ್ಪಿ ಬಂದಿರಬೇಕು ಅಂದುಕೊಂಡೆ.

"ಇವಳು ಫುಟ್‌ಬಾಲ್ ಆಡುತ್ತಾಳೆ," ಎಂದರು ಜೊತೆಗಿದ್ದ ತಾಯಿ.

"ಮಿಡ್‌ಫೀಲ್ಡರ್," ಎಂದು ಮಗಳು ತಿದ್ದಿದಳು. ಅಷ್ಟು ಹೇಳಿ ಮುಖ ಆಚೆ ತಿರುಗಿಸಿಕೊಂಡಳು.

ಮಿಕ್ಕದ್ದನ್ನು ಹೇಳಿದವರು ತಾಯಿಯೇ. ಅವರು ಐರ್ಲೆಂಡಿನವರು, ಮಿರ್ದಿಫ್‌ನ ಒಂದು ಶಾಲೆಯಲ್ಲಿ ಟೀಚರ್. ಮಗಳು ಬೆಳೆದದ್ದು ಇಲ್ಲೇ. ಹುಡುಗಿಯರ ತಂಡವೇ ಇಲ್ಲದ ಕಾಲದಲ್ಲಿ ಹುಡುಗರ ಜೊತೆ ಆಡಿಕೊಂಡು, ಹದಿನೈದಕ್ಕೆ ಹಟ ಹಿಡಿದು ಐರ್ಲೆಂಡಿಗೆ ಅಜ್ಜಿಯ ಮನೆಗೆ ಹೋಗಿದ್ದಳು. ಅಲ್ಲಿ ನಾಲ್ಕು ವರ್ಷ ಆಡಿದ ಮೇಲೆ ಇಂಗ್ಲೆಂಡಿನ ಒಂದು ಕ್ಲಬ್ಬು ಸಂಬಳ ಕೊಟ್ಟು ಕರೆಯಿತು. ಮೊದಲ ಸಂಬಳದಲ್ಲಿ ಅಜ್ಜಿಗೆ ದಪ್ಪನೆಯ ಮಳೆಕೋಟು ತೆಗೆದುಕೊಟ್ಟಳಂತೆ, ಪಂದ್ಯಕ್ಕೆ ಬಂದಾಗ ಗ್ಯಾಲರಿಯಲ್ಲಿ ನೆನೆಯದೆ ಕೂತು ನೋಡಲಿ ಎಂದು. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಏಪ್ರಿಲ್‌ನ ಒಂದು ದಿನ ಪ್ರಾಕ್ಟೀಸಿನಲ್ಲಿ ಯಾರೂ ಮುಟ್ಟದೆಯೇ ಬಿದ್ದಳು. ಅವಳು ತಿರುಗಿದಾಗ ಬೂಟು ಹುಲ್ಲಿನಲ್ಲಿ ಸಿಕ್ಕಿಕೊಂಡು ಮೊಣಕಾಲಿನೊಳಗಿನ ಲಿಗಮೆಂಟ್ ಹರಿದಿತ್ತು. ಆಪರೇಷನ್ ಆಯಿತು. ಅದರ ಹಿಂದೆಯೇ ಸೀಸನ್ ಮುಗಿಯಿತು, ಕಾಂಟ್ರಾಕ್ಟೂ ಮುಗಿಯಿತು. ಕ್ಲಬ್ಬಿನವರು ಒಳ್ಳೆಯದಾಗಲಿ ಎಂದು ಹೇಳಿ ಕಳಿಸಿಕೊಟ್ಟರು. ಇಪ್ಪತ್ತೊಂದರ ಹುಡುಗಿ ತನ್ನ ಶಾಲಾದಿನಗಳ ಕೋಣೆಗೆ, ಗೋಡೆಗೆ ತಾನೇ ಅಂಟಿಸಿದ್ದ ಸ್ಟಿಕ್ಕರುಗಳ ನಡುವೆ, ವಾಪಸ್ಸು ಬಂದಿದ್ದಳು.

ಕಾಲು ನೋಡಿದೆ. ಎಡತೊಡೆ ಬಲತೊಡೆಗಿಂತ ಎಷ್ಟು ಸಣಕಲಾಗಿತ್ತೆಂದರೆ ಬೇರೆ ಯಾರದೋ ಕಾಲು ತಂದು ಜೋಡಿಸಿದ ಹಾಗಿತ್ತು. ಮೊಣಕಾಲು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ.

"ಯಾವಾಗ ಓಡಬಹುದು?" ಎಂದು ಕೇಳಿದಳು.

"ಮೊದಲು ನೆಟ್ಟಗೆ ಮಾಡುವ. ಆಮೇಲೆ ನಡೆಯುವುದು. ಓಡುವ ಮಾತು ನೀನೂ ಎತ್ತಬೇಡ, ನಾನೂ ಎತ್ತುವುದಿಲ್ಲ."

ಆ ದಿನದಿಂದ ಶುರುವಾಯಿತು. ಮಂಚದ ಮೇಲೆ ಕವುಚಿ ಮಲಗಿಸಿ, ಪಾದ ಅಂಚಿನಿಂದ ಆಚೆ ಇಳಿಬೀಳುವಂತೆ ಬಿಟ್ಟು, ಹಿಮ್ಮಡಿಗೆ ಭಾರ ಕಟ್ಟುತ್ತಿದ್ದೆ. ಅವಳು ದಿಂಬಿಗೆ ಬಾಯಿ ಒತ್ತಿಕೊಂಡು ಬೈಯುತ್ತಿದ್ದಳು. ನನ್ನನ್ನೋ, ಕಾಲನ್ನೋ, ದೇವರನ್ನೋ ಗೊತ್ತಾಗುತ್ತಿರಲಿಲ್ಲ.

ಪಕ್ಕದ ಮಂಚದಲ್ಲಿ ನನ್ನ ಅತ್ತೆ ಇರುತ್ತಿದ್ದರು. ನನ್ನ ಗಂಡನಿಗೆ ದೂರದ ಮುಸಫ್ಫಾದಲ್ಲಿ ಕೆಲಸ. ಸೋಮವಾರ ಹೋದರೆ ಶುಕ್ರವಾರ ಬರುವವರು. ಅತ್ತೆಯನ್ನು ಅಲ್ ಕುಸೈಸ್‌ನ ಫ್ಲಾಟಿನಲ್ಲಿ ಇಡೀ ದಿನ ಒಬ್ಬರನ್ನೇ ಬಿಡುವುದು ಬೇಡವೆಂದು ಬೆಳಗಿನ ಹೊತ್ತು ನನ್ನ ಜೊತೆಯೇ ಕರೆತರುತ್ತಿದ್ದೆ. ಅವರಿಗೂ ಮೊಣಕಾಲು ಸವೆದ ನೋವು. ಬಿಸಿ ಶಾಖ ಕೊಟ್ಟರೆ ಸುಖವಾಗಿ ಮಲಗುವರು. ವ್ಯಾಯಾಮ ಎಂದ ಕೂಡಲೇ ಕಿವಿ ಕೇಳಿಸುತ್ತಿರಲಿಲ್ಲ. "ಈ ಕಾಲಲ್ಲಿ ನಾನಿನ್ನು ಎಲ್ಲಿಗೆ ಓಡ್ಲಿಕ್ಕುಂಟು? ಇದ್ದ ಹಾಗೆ ಇರ್ಲಿ ಬಿಡು," ಎನ್ನುವರು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಪರದೆ ಸರಿಸಿ ಆ ಹುಡುಗಿಯನ್ನು ನೋಡಿದರು.

"ಈ ಹುಡುಗಿ ಎಂತಕ್ಕೆ ಹೀಗೆ ಕೂಗುದು? ನೀನು ಎಂತ ಮಾಡ್ತಿದ್ದಿ ಅವಳಿಗೆ?"

"ಕಾಲು ನೆಟ್ಟಗೆ ಮಾಡ್ತಿದ್ದೇನೆ ಮಾಮಿ."

ಹುಡುಗಿ ಕವುಚಿ ಮಲಗಿದ್ದಲ್ಲಿಂದಲೇ ತಲೆಯೆತ್ತಿದಳು. "ಮ್ಯಾಮಿ? ಅವರು ನಿನ್ನ ಅಮ್ಮನಾ?"

"ಅಲ್ಲ, ಗಂಡನ ಅಮ್ಮ. ತುಳುವಿನಲ್ಲಿ ಅತ್ತೆಗೆ ಮಾಮಿ ಅನ್ನುತ್ತೇವೆ."

"ಐರ್ಲೆಂಡಿನಲ್ಲಿ ನಾವು ಅಮ್ಮನಿಗೆ ಮ್ಯಾಮಿ ಅಂತೀವಿ," ಎಂದಳು. ಬಂದ ದಿನದಿಂದ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆಗೆ ಇದನ್ನು ತಿಳಿಸಿದಾಗ ಅವರು ಏನೂ ಆಶ್ಚರ್ಯಪಡಲಿಲ್ಲ. "ಹಾಗಾದ್ರೆ ಅವಳೂ ಹಾಗೇ ಕರೀಲಿ," ಎಂದರು. ಅಲ್ಲಿಂದ ಅವರು ಅವಳಿಗೆ ಮಾಮಿಯಾದರು. ನನ್ನನ್ನು ಅವಳು ಡಾಕ್ಟರ್ ಎನ್ನುತ್ತಿದ್ದಳು, ನಾನು ಡಾಕ್ಟರಲ್ಲ ಎಂದಾಗ ಅಕ್ಕ ಎನ್ನಲು ಕಲಿತಳು.

ಜುಲೈ ಹೊತ್ತಿಗೆ ಅವಳು ನಡೆಯಬೇಕಾಯಿತು. ಆ ತಿಂಗಳಲ್ಲಿ ಇಲ್ಲಿ ಹೊರಗೆ ನಡೆಯುವ ಹಾಗಿಲ್ಲ, ಬೆಳಿಗ್ಗೆ ಏಳಕ್ಕೇ ಬಿಸಿಲು ಮುಖ ಸುಡುತ್ತದೆ. ಕ್ಲಿನಿಕ್ಕಿನ ಹತ್ತಿರದ ಮಾಲ್‌ನಲ್ಲಿ ಅಂಗಡಿಗಳು ತೆರೆಯುವ ಮೊದಲು ನಡೆಯುವವರನ್ನು ಬಿಡುತ್ತಿದ್ದರು. ಅತ್ತೆ ತಾವಾಗಿಯೇ, "ನಾನೂ ಬರ್ತೇನೆ. ಆ ಮಗು ಒಂದೇ ಹೇಗೆ ಹೋಗುದು?" ಎಂದರು. ನಾನು ಎರಡು ತಿಂಗಳಿಂದ ಬೇಡಿಕೊಂಡಿದ್ದರೂ ಅಡುಗೆಮನೆಯಿಂದ ಬಾಲ್ಕನಿಗೆ ನಡೆಯದವರು.

ಮುಚ್ಚಿದ ಶಟರುಗಳ ನಡುವೆ ಅವರಿಬ್ಬರೂ ನನ್ನ ಮುಂದೆ ಹೋಗುವುದನ್ನು ನೋಡಬೇಕಿತ್ತು. ಒಬ್ಬಳು ಎತ್ತರ, ಚಡ್ಡಿ, ಕೆಂಚು ಜುಟ್ಟು. ಇನ್ನೊಬ್ಬರು ಗಿಡ್ಡ, ನೂಲಿನ ಸೀರೆ, ಕೈಯಲ್ಲಿ ಊರುಗೋಲು, ಕಾಲಿಗೆ ನಾನು ಬಲವಂತವಾಗಿ ಹಾಕಿಸಿದ ಬಿಳಿ ಶೂ. ಇಬ್ಬರಿಗೂ ಎಡಗಾಲೇ ಕುಂಟು. ಒಬ್ಬರ ಮಾತು ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಆದರೂ ಅರಬ್ಬೀಯ ಎರಡು ಶಬ್ದ ಇಬ್ಬರಿಗೂ ಗೊತ್ತಿತ್ತು, ಇಲ್ಲಿದ್ದವರಿಗೆ ಯಾರಿಗೆ ಗೊತ್ತಿಲ್ಲ? ಅತ್ತೆ ಬೆಂಚಿನ ಮೇಲೆ ಕೂತು "ಖಲಾಸ್" ಎನ್ನುವರು, ನನ್ನಿಂದ ಇನ್ನಾಗದು ಎಂಬ ಅರ್ಥದಲ್ಲಿ. ಅವಳು ಕೈ ಚಾಚಿ "ಯಲ್ಲಾ ಮಾಮಿ" ಎನ್ನುವಳು, ಏಳಿ ಹೋಗೋಣ ಎಂಬ ಅರ್ಥದಲ್ಲಿ. ಇವರು ಏಳುವರು.

ಅವಳಿಗೊಂದು ಅಭ್ಯಾಸ. ನಡೆಯುವಾಗ ಆಗಾಗ ಭುಜದ ಮೇಲಿಂದ ಹಿಂದಕ್ಕೆ ಕಣ್ಣು ಹಾಯಿಸುವುದು, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಯಾರನ್ನು ಹುಡುಕುತ್ತಿ ಎಂದು ಕೇಳಿದೆ.

"ಯಾರನ್ನೂ ಇಲ್ಲ. ಮಿಡ್‌ಫೀಲ್ಡಿನಲ್ಲಿ ಸುತ್ತಲೂ ಜನ. ಚೆಂಡು ಕಾಲಿಗೆ ಬಂದ ಮೇಲೆ ನೋಡಿದರೆ ತಡವಾಯ್ತು. ಬರುವ ಮೊದಲೇ ಹಿಂದೆ ಯಾರಿದ್ದಾರೆ, ಯಾರಿಗೆ ಕೊಡಬೇಕು ಅಂತ ಗೊತ್ತಿರಬೇಕು. ಏಳು ವರ್ಷದವಳಿದ್ದಾಗಿಂದ ರೂಢಿಯಾಗಿದೆ, ಸೂಪರ್‌ಮಾರ್ಕೆಟ್ಟಿನಲ್ಲೂ ನೋಡ್ತೀನಿ."

ಅತ್ತೆಗೆ ಇದನ್ನು ತುಳುವಿನಲ್ಲಿ ಹೇಳಿದೆ. ಅವರು ಯೋಚಿಸಿ, "ನಮ್ಮೂರ ಬಸ್ಸಿನ ಕಂಡಕ್ಟರ್ ಹಾಗೆ," ಎಂದರು. "ಮುಂದಿನವನಿಗೆ ಟಿಕೆಟ್ ಹರಿದು ಕೊಡುವಾಗ್ಲೇ ಹಿಂದಿನ ಬಾಗಿಲಲ್ಲಿ ಯಾರು ಹತ್ತಿದ್ರು ಅಂತ ಅವನಿಗೆ ಗೊತ್ತಿರ್ತದೆ." ಇದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಹುಡುಗಿ ಶಟರಿಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತನ್ನನ್ನು ಇಷ್ಟು ಸರಿಯಾಗಿ ಯಾವ ಕೋಚೂ ವರ್ಣಿಸಿಲ್ಲ ಎಂದಳು.

ಮಧ್ಯಾಹ್ನ ಕೆಲವೊಮ್ಮೆ ನಮ್ಮ ಮನೆಗೂ ಬರುತ್ತಿದ್ದಳು. ಅತ್ತೆ ಕುಚ್ಚಲಕ್ಕಿ ಗಂಜಿ, ಒಣಸೀಗಡಿ ಚಟ್ನಿ ಬಡಿಸುವರು. "ಎಷ್ಟು ಸಪೂರ ಇದ್ದಾಳೆ ಮಾರಾಯ್ತಿ, ಇವಳಿಗೆ ಸಂಬಳ ಕೊಡುವವರು ಊಟ ಕೊಡ್ಲಿಲ್ವಾ?" ಚಟ್ನಿಯ ಖಾರಕ್ಕೆ ಅವಳ ಮುಖ ಕೂದಲಿನ ಬಣ್ಣಕ್ಕೆ ತಿರುಗುತ್ತಿತ್ತು. ಆದರೂ ತಟ್ಟೆ ಖಾಲಿ ಮಾಡದೆ ಏಳುತ್ತಿರಲಿಲ್ಲ.

ನವೆಂಬರಿನಲ್ಲಿ ಹವೆ ತಂಪಾಯಿತು. ಅವಳು ಓಡಿದಳು, ಜಿಗಿದಳು, ತಿರುಗಿದಳು. ಜನವರಿಯ ಪರೀಕ್ಷೆಗಳಲ್ಲಿ ಎಡಗಾಲಿನ ಬಲ ಬಲಗಾಲಿಗೆ ಸಮನಾಗಿ ಬಂತು. ನಾನು ಅಪ್ಪಿಕೊಂಡೆ. ಅವಳು ಅಪ್ಪಿಸಿಕೊಂಡಳು, ಅಷ್ಟೇ.

ಅವಳಿಗೆ ಖುಷಿಯಾಗದ ಕಾರಣ ತಿಳಿದದ್ದು ಅಲ್ ಕುಸೈಸ್‌ನ ಒಂದು ಬಾಡಿಗೆ ಮೈದಾನದಲ್ಲಿ. ಅಲ್ಲಿ ಸಂಜೆ ಹೆಂಗಸರು ಏಳೇಳು ಜನ ಸೇರಿ ಆಡುತ್ತಿದ್ದರು. ಟೀಚರುಗಳು, ನರ್ಸುಗಳು, ಬ್ಯಾಂಕಿನವರು, ಎಲ್ಲ ದೇಶದವರು. ಅವಳನ್ನು ಅಲ್ಲಿಗೆ ಕಳಿಸಿದ್ದು ನಾನೇ, ನೋಡಲೂ ಹೋದೆ. ಅವಳು ಪಾಸ್ ಕೊಡುವುದನ್ನು ಕಂಡು ಮಿಕ್ಕವರು ಆಡುವುದನ್ನೇ ಮರೆತು ನಿಲ್ಲುತ್ತಿದ್ದರು. ಆದರೆ ಯಾರಾದರೂ ಹತ್ತಿರ ಬಂದರೆ ಸಾಕು, ಚೆಂಡು ಬಿಟ್ಟು ಪಕ್ಕಕ್ಕೆ ಹಾರುತ್ತಿದ್ದಳು, ಕಾಲಡಿ ಹಾವು ಬಂದಂತೆ.

ವಾಪಸ್ಸು ಬರುವಾಗ ಕಾರಿನಲ್ಲಿ ಹೇಳಿದಳು: "ಕಾಲು ಸರಿಯಾಗಿದೆ ಅಕ್ಕ. ಸರಿಯಾಗದವಳು ನಾನು."

ಐರ್ಲೆಂಡಿನ ಒಂದು ಸಣ್ಣ ಊರಿನ ಕ್ಲಬ್ಬು ಅವಳನ್ನು ಟ್ರಯಲ್‌ಗೆ ಕರೆದಿತ್ತಂತೆ. ಅವಳು ಉತ್ತರ ಕೊಟ್ಟಿರಲಿಲ್ಲ. ಅತ್ತ ತಾಯಿಯ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವ ಕೆಲಸ ಖಾಲಿ ಇತ್ತು. ಅದಕ್ಕೇ ಹೂಂ ಅನ್ನುತ್ತೇನೆ ಎಂದಳು. ಸ್ನಾಯುವಿಗೆ ನನ್ನ ಬಳಿ ವ್ಯಾಯಾಮ ಇತ್ತು, ಭಯಕ್ಕೆ ಇರಲಿಲ್ಲ.

ಮುಂದಿನ ವಾರ ಅತ್ತೆ ತಾವೂ ಬರುತ್ತೇನೆಂದರು. ಅವಳ ತಾಯಿಯೂ ಬಂದಿದ್ದರು. ಮೈದಾನದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿದೆ. ಆಟ ಅರ್ಧ ಮುಗಿದಿರಬೇಕು. ಇವಳು ಚೆಂಡು ತಿರುಗಿಸುವ ಹೊತ್ತಿಗೆ ದಪ್ಪನೆಯ ಹೆಂಗಸೊಬ್ಬಳು ಓಡಿ ಬಂದ ರಭಸಕ್ಕೆ ನಿಲ್ಲಲಾಗದೆ ನೇರ ಅವಳ ಎಡಗಾಲಿನ ಮೇಲೆ ಬಿದ್ದಳು. ಇಬ್ಬರೂ ಉರುಳಿದರು. ಆ ಹೆಂಗಸು ಎದ್ದಳು. ಇವಳು ಏಳಲಿಲ್ಲ.

ನಾನು ಓಡಿದೆ. ಅವಳು ಅಂಗಾತ ಮಲಗಿ, ಎರಡೂ ಕೈಯಲ್ಲಿ ಮೊಣಕಾಲು ಹಿಡಿದು, ಕಣ್ಣು ಮುಚ್ಚಿದ್ದಳು. ಮುಟ್ಟಬೇಕೆಂದು ಬಗ್ಗಿದೆ. "ಬೇಡ, ಒಂದು ನಿಮಿಷ," ಎಂದಳು. ತಾನೇ ಮೆಲ್ಲನೆ ಮಡಿಸಿದಳು. ಬಿಡಿಸಿದಳು. ಇನ್ನೊಮ್ಮೆ ಮಡಿಸಿದಳು. ಕಣ್ಣು ತೆರೆದಳು.

"ಅಕ್ಕ, ಮೊಣಕಾಲು ತಡೆದುಕೊಂಡಿದೆ," ಎಂದಳು. ಆಮೇಲೆ ಜೋರಾಗಿ, ಮೈದಾನಕ್ಕೆಲ್ಲ ಕೇಳುವ ಹಾಗೆ, "ತಡೆದುಕೊಂಡಿದೆ!"

ಅಷ್ಟರಲ್ಲಿ ನನ್ನ ಹಿಂದೆ ಏದುಸಿರು ಕೇಳಿಸಿತು. ಅತ್ತೆ ನಿಂತಿದ್ದರು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕುರ್ಚಿಯಿಂದ ಮೈದಾನದ ನಡುವಿನ ತನಕ ನಡೆದು ಬಂದಿದ್ದರು. ಊರುಗೋಲು ಅಲ್ಲೇ ಕುರ್ಚಿಯ ಪಕ್ಕ ಬಿದ್ದಿತ್ತು.

"ಕಾಲು ಖಲಾಸಾ?" ಎಂದು ಅವಳನ್ನು ಕೇಳಿದರು.

"ನೋ ಖಲಾಸ್, ಮಾಮಿ," ಎಂದು ಅವಳು ಎದ್ದು ಕೂತಳು. "ಯಲ್ಲಾ!"

ಅವಳನ್ನು ಆಡಿಸುವುದು ಬೇಡವೆಂದು ನನ್ನ ಓದು ಹೇಳುತ್ತಿತ್ತು. ಅವಳು ಕೇಳಲಿಲ್ಲ. ಎದ್ದ ಮೇಲೆ ಆಡಿದ ಆಟವೇ ಬೇರೆ. ಎದುರಿಗೆ ಚೆಂಡು ಬಂದ ಕೂಡಲೇ ಕಾಲು ಹಾಕಿ, ಭುಜ ಒಡ್ಡಿ, ಕಸಿದುಕೊಂಡು ಹೊರಟಳು. ತನ್ನ ಮೇಲೆ ಬಿದ್ದಿದ್ದ ಹೆಂಗಸಿನಿಂದಲೂ ಕಸಿದಳು, ಹೋಗುತ್ತ ಅವಳ ಬೆನ್ನು ತಟ್ಟಿದಳು. ಅತ್ತೆಯನ್ನು ನಾನು ತೋಳು ಹಿಡಿದು ಕುರ್ಚಿಗೆ ಕರೆದೊಯ್ದೆ. ಬೇಲಿಯ ಬಳಿ ಅವಳ ತಾಯಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ನಿಂತಿದ್ದು ಕಂಡಿತು. ಸಂತೋಷಕ್ಕೆ ಎಂದುಕೊಂಡೆ.

ಫೆಬ್ರವರಿ ಮುಗಿಯುವ ಮೊದಲೇ ಅವಳು ಐರ್ಲೆಂಡಿಗೆ ಹೋದಳು. ಟ್ರಯಲ್‌ನಲ್ಲಿ ಆಯ್ಕೆಯಾದಳು. ದೊಡ್ಡ ಕ್ಲಬ್ಬಲ್ಲ, ವಾರಕ್ಕೆ ಮೂರು ದಿನ ಒಂದು ಬೇಕರಿಯಲ್ಲಿ ಕೆಲಸ ಮಾಡಿಕೊಂಡು ಆಡಬೇಕಿತ್ತು. ಒಂದು ಶನಿವಾರ ಸಂಜೆ ಅವಳ ಪಂದ್ಯವನ್ನು ನಮ್ಮ ಟಿವಿಗೆ ಫೋನು ಜೋಡಿಸಿ ನೋಡಿದೆವು. ನನ್ನ ಗಂಡನೂ ಮುಸಫ್ಫಾದಿಂದ ಬಂದಿದ್ದರು. ಅತ್ತೆಗೆ ಸಮಾಧಾನ ಇರಲಿಲ್ಲ.

"ಎಂತ ಇದು, ಚೆಂಡು ಇವಳ ಹತ್ರ ನಿಲ್ಲುದೇ ಇಲ್ಲ. ಬಂದ ಕೂಡ್ಲೆ ಬೇರೆಯವರಿಗೆ ಕೊಡ್ತಾಳೆ."

"ಅವಳ ಕೆಲಸವೇ ಅದು ಅಮ್ಮ," ಎಂದರು ನನ್ನ ಗಂಡ.

"ಹೌದಾ? ಹಾಗಾದ್ರೆ ಒಳ್ಳೆಯವಳು." ಆಮೇಲೆ ಪ್ರತಿ ಪಾಸಿಗೂ ತಲೆದೂಗುತ್ತ ಕೂತರು.

ಆ ಸೀಸನ್‌ನಲ್ಲಿ ಅವಳ ತಂಡ ಪಟ್ಟಿಯ ಕೆಳಗಿನ ಅರ್ಧದಲ್ಲೇ ಉಳಿಯಿತು. ಆದರೆ ಅವಳು ಬಹುಪಾಲು ಎಲ್ಲ ಪಂದ್ಯ ಆಡಿದಳು, ಕೊನೆಗೆ ಕ್ಲಬ್ಬು ಬೇಕರಿ ಬಿಡಿಸಿ ಪೂರ್ತಿ ಸಂಬಳದ ಎರಡು ವರ್ಷದ ಕಾಂಟ್ರಾಕ್ಟ್ ಕೊಟ್ಟಿತು. ಡಿಸೆಂಬರಿನಲ್ಲಿ ರಜೆಗೆ ಬಂದಾಗ ಮೊದಲ ದಿನವೇ ತಾಯಿಗೂ ಶಾಲೆಗೆ ರಜೆ ಹಾಕಿಸಿ ಕರೆದುಕೊಂಡು ನಮ್ಮ ಮನೆಗೆ ಬಂದಳು. ಅತ್ತೆ ನೀರುದೋಸೆ, ಕೋಳಿಸಾರು ಮಾಡಿಸಿದರು. ಉಂಡ ಮೇಲೆ ಅವಳು ಸೋಫಾದಲ್ಲಿ ಕಾಲು ಚಾಚಿ ನಿದ್ದೆ ಹೋದಳು. ಅತ್ತೆ ತಮ್ಮ ಶಾಲು ತಂದು ಅವಳಿಗೆ ಹೊದಿಸಿ, ತಾವೂ ಒಳಗೆ ಹೋಗಿ ಮಲಗಿದರು.

ನಾನೂ ಅವಳ ತಾಯಿಯೂ ಅಡುಗೆಮನೆಯಲ್ಲಿ ಚಹಾ ಹಿಡಿದು ಕೂತೆವು. ಅವರು ಬಾಗಿಲಿನಾಚೆ ಮಗಳನ್ನೇ ನೋಡುತ್ತ, ತಗ್ಗಿದ ದನಿಯಲ್ಲಿ ಹೇಳಿದರು:

"ಹದಿನೈದಕ್ಕೆ ಇವಳನ್ನು ವಿಮಾನ ಹತ್ತಿಸಿದವಳು ನಾನು. ಅವತ್ತಿಂದ ನಾನು ಫುಟ್‌ಬಾಲನ್ನು ದ್ವೇಷಿಸುತ್ತೇನೆ. ಕಾಲಿಗೆ ಪೆಟ್ಟು ಮಾಡಿಕೊಂಡು ಬಂದಾಗ ಮಗಳು ಸಿಕ್ಕಿದಳು ಅಂದುಕೊಂಡೆ. ಅವತ್ತು ಮೈದಾನದಲ್ಲಿ ಬಿದ್ದಳಲ್ಲ? ಒಂದು ಕ್ಷಣ ನನಗೆ ಖುಷಿಯಾಯ್ತು. ಇನ್ನು ಇಲ್ಲೇ ಇರುತ್ತಾಳೆ ಅಂತ. ಅವಳು ಎದ್ದು ಕೂಗಿದಾಗ ಮುಖ ಮುಚ್ಚಿಕೊಂಡೆ, ಯಾರಿಗೂ ಕಾಣಬಾರದು ಅಂತ."

ಅವರ ಕೈಯ ಮೇಲೆ ಕೈ ಇಟ್ಟೆ.

"ಈಗ ಹೇಗನ್ನಿಸುತ್ತದೆ?" ಎಂದು ಕೇಳಿದೆ.

"ಈಗ ಪ್ರತಿ ಪಂದ್ಯ ನೋಡುತ್ತೇನೆ," ಎಂದರು. "ಅವಳು ಹಿಂದೆ ತಿರುಗಿ ನೋಡುತ್ತಾಳಲ್ಲ, ಆಗ ಅವಳ ಮುಖ ಸರಿಯಾಗಿ ಕಾಣುತ್ತದೆ. ಬಹಳ ಸುಖವಾಗಿರುತ್ತಾಳೆ ಆ ಹೊತ್ತಿನಲ್ಲಿ. ಅಷ್ಟು ಸುಖ ನಾನು ಕೊಡಲಾರೆ."

ಹೊರಗೆ ಸಂಜೆಯ ಶಾಲಾಬಸ್ಸುಗಳು ಮಕ್ಕಳನ್ನು ಇಳಿಸುತ್ತಿದ್ದವು. ಚಹಾ ಆರಿತ್ತು. ನಾನು ಮತ್ತೆ ಬಿಸಿ ಮಾಡಲು ಎದ್ದಾಗ ಅವರು, ಬೇಡ, ಅವಳು ಏಳಲಿ, ಎಲ್ಲರೂ ಒಟ್ಟಿಗೆ ಕುಡಿಯೋಣ ಎಂದರು.